ಮೂಗಿನ ಸಾಕ್ಷಿ

ಜನವರಿ 9, ಗುರುವಾರ

ಇವತ್ತಿನಿಂದ ಎಲ್ಲವನ್ನೂ ಬರೆದಿಡುವುದೆಂದು ತೀರ್ಮಾನಿಸಿದ್ದೇನೆ. ಆಸ್ಪತ್ರೆಯವರು ನನ್ನ ಬಗ್ಗೆ ಏನೇನೋ ಕಂಪ್ಯೂಟರಿಗೆ ತುಂಬುತ್ತಾರೆ, ಬಗ್ಗಿ ನೋಡಿದರೆ ಪರದೆಯನ್ನು ಆ ಕಡೆ ತಿರುಗಿಸಿಕೊಳ್ಳುತ್ತಾರೆ. ನಾಳೆ ಹೆಚ್ಚುಕಮ್ಮಿಯಾದರೆ ಅವರ ಹತ್ತಿರ ಅವರ ಮಾತಿರುತ್ತದೆ. ನನ್ನ ಹತ್ತಿರ ನನ್ನದೊಂದು ಬೇಡವೇ?

ಮೂತ್ರಪಿಂಡದ ಡಾಕ್ಟರಮ್ಮ ಇವತ್ತು ಅರ್ಧ ಗಂಟೆ ಮಾತಾಡಿದರು. ದಿನಾ ಐದು ನಿಮಿಷವೂ ಸಿಗದವರು ಅರ್ಧ ಗಂಟೆ ಕೂತು ಮಾತಾಡಿದರೆ ಅಲ್ಲೇನೋ ಇದೆ ಎಂದೇ ಅರ್ಥ. ನನ್ನ ಎರಡೂ ಕಿಡ್ನಿ ಸೇರಿ ಕಾಲು ಭಾಗದ ಕೆಲಸವನ್ನೂ ಮಾಡುತ್ತಿಲ್ಲವಂತೆ. ಹೀಗೇ ಹೋದರೆ ಮುಂದಿನ ವರ್ಷ ಡಯಾಲಿಸಿಸ್ ಅಂತೆ. ಅದನ್ನು ಮುಂದೂಡಲು ಸಾಧ್ಯವೇ ಎಂದು ನೋಡಲು ಒಂದು ಪ್ರಯೋಗ ಮಾಡುತ್ತಿದ್ದಾರಂತೆ, ನಾನು ಸೇರುತ್ತೇನಾ ಎಂದು ಕೇಳಿದರು.

"ಕಿಡ್ನಿ ಹಾಳಾದಾಗ ರಕ್ತದಲ್ಲಿ ಒಂಥರಾ ಪುಂಡ ಕಣಗಳು ಜಾಸ್ತಿ ಆಗತ್ವೆ. ನಾವು ಉಸಿರಾಡೋ ಆಮ್ಲಜನಕದಿಂದಲೇ ಹುಟ್ಟೋವು. ಸಿಕ್ಕಸಿಕ್ಕ ಜೀವಕೋಶಗಳನ್ನ ಅವು ಕೆಡಿಸ್ತಾ ಹೋಗತ್ವೆ. ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತೀವಿ. ಕಿಡ್ನಿ ಇನ್ನಷ್ಟು ಕೆಡತ್ತೆ, ಕೆಟ್ಟಿದ್ದರಿಂದ ಪುಂಡರು ಇನ್ನೂ ಜಾಸ್ತಿ."

"ಎಣ್ಣೆ ಕಮಟು ಹಿಡಿಯೋ ಹಾಗೆ," ಎಂದೆ.

"ಅದೇ! ಸರಿಯಾಗಿ ಅದೇ!" ಎಂದು ಆಕೆ ಖುಷಿಯಾದರು. ಎಣ್ಣೆ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಇಡೀ ಆಯುಷ್ಯ ಎಣ್ಣೆ ಮೂಸಿದವನಿಗೆ ಗಾಳಿ ಸೋಕಿದ ಎಣ್ಣೆ ಏನಾಗುತ್ತದೆ ಎಂದು ಹೇಳಿಕೊಡಬೇಕೆ? ಅಂದರೆ ಈಗ ನನ್ನ ರಕ್ತ ಕಮಟು ಹಿಡಿದಿದೆ. ಇದಕ್ಕೆ ಅವರ ಮದ್ದು ಕಾಂಡಕೋಶ, ಅವರ ಭಾಷೆಯಲ್ಲಿ ಸ್ಟೆಮ್ ಸೆಲ್. ನನ್ನ ಹೊಟ್ಟೆಯ ಕೊಬ್ಬಿನಿಂದಲೇ ಆ ಕೋಶಗಳನ್ನು ತೆಗೆದು, ಬೆಳೆಸಿ, ಹೆಪ್ಪುಗಟ್ಟಿಸಿ ಇಟ್ಟು, ಆಮೇಲೆ ಎರಡು ಸಲ ಡ್ರಿಪ್ಪಿನಲ್ಲಿ ನನ್ನೊಳಗೇ ಬಿಡುತ್ತಾರಂತೆ. ಅವು ಹೊಸ ಕಿಡ್ನಿಯಾಗುವುದಿಲ್ಲ, ಆದರೆ ಪುಂಡರ ಹಾವಳಿ ತಗ್ಗಿಸಬಹುದು. ಬಹುದು! ಆ ಒಂದು ಪದವನ್ನು ಡಾಕ್ಟರಮ್ಮ ಎಷ್ಟು ಸಲ ಹೇಳಿದರೋ.

ಅಸಲು ವಿಷಯ ಕೊನೆಗೆ ಬಂತು. ಸೇರಿದವರಲ್ಲಿ ಅರ್ಧ ಜನರಿಗೆ ಕೋಶ, ಉಳಿದರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ನಮಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ.

"ಬಾಟಲಿಯಲ್ಲಿ ಏನಿದೆ ಅಂತ ಡಾಕ್ಟರಿಗೇ ಗೊತ್ತಿಲ್ಲದೆ ಹಾಕೋದಾ?" ಎಂದೆ.

"ಗೊತ್ತಿದ್ರೆ ನಮ್ಮ ಮನಸ್ಸು ಆಸೆ ಪಡತ್ತೆ. ಆಸೆ ಪಟ್ಟರೆ ಕಣ್ಣು ತಪ್ಪು ನೋಡತ್ತೆ."

ಯಾರ ಕಿವಿಗೆ ಹೂವಿಡುತ್ತಾರೆ! ಆದರೂ ಸಹಿ ಮಾಡಿ ಬಂದೆ. ಡಯಾಲಿಸಿಸ್ ಎಂದರೆ ನನಗೆ ಪ್ರಾಣಭಯ. ವಾರಕ್ಕೆ ಮೂರು ದಿನ ಯಂತ್ರಕ್ಕೆ ಕಟ್ಟಿಹಾಕಿಸಿಕೊಂಡು ಮಲಗಿದರೆ ಕೆಲಸ ಹೋದ ಹಾಗೆಯೇ.

ಜನವರಿ 13, ಸೋಮವಾರ

ನನ್ನ ಹೆಂಡತಿಯನ್ನು ಇವತ್ತು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಏನೋ ಹೇಳಿದ್ದಾರೆ. ನರ್ಸ್ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಮೇಲೆ "ಏನಂತೆ?" ಎಂದೆ. "ಏನಿಲ್ಲ," ಎಂದಳು.

ಇವಳ 'ಏನಿಲ್ಲ' ನನಗೆ ಚೆನ್ನಾಗಿ ಗೊತ್ತು. ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ ಅವಳು. ನ್ಯಾಯಾಧೀಶರು ತೀರ್ಪು ಓದುವ ಮೊದಲೇ ಅದನ್ನು ಟೈಪು ಮಾಡಿ ಮುಗಿಸಿರುತ್ತಾಳೆ. ಒಂದು ಸಲ ಇಡೀ ಊರು ಉಸಿರು ಬಿಗಿಹಿಡಿದು ಕಾದಿದ್ದ ಕೊಲೆ ಮೊಕದ್ದಮೆಯ ತೀರ್ಪು ಮರುದಿನ ಇತ್ತು. ಇವಳು ಸಂಜೆ ಮನೆಗೆ ಬಂದು ಆಲೂಗಡ್ಡೆ ಸುಲಿಯುತ್ತ ಕೂತಳು. ನಾನು ಗೋಗರೆದೆ, ಬೈದೆ, ಮುನಿಸಿಕೊಂಡು ಊಟವನ್ನೂ ಬಿಟ್ಟೆ. "ನಾಳೆ ಪೇಪರಲ್ಲಿ ಬರತ್ತಲ್ಲ, ಓದ್ಕೊಳ್ಳಿ," ಎಂದಳು. ಇವತ್ತೂ ಅವಳ ಮುಖ ಹಾಗೇ ಇದೆ. ಆಸ್ಪತ್ರೆಯವರು ಬಾಯಿಗೆ ಬೀಗ ಹಾಕಲು ಇಂಥವಳನ್ನೇ ಹುಡುಕಿದ್ದಾರೆ.

ಇತ್ತೀಚೆಗೆ ಚಹಾಪುಡಿಯನ್ನೂ ಬದಲಾಯಿಸಿದ್ದಾಳೆ ಎಂದು ಅನುಮಾನ. ಪರಿಮಳವೇ ಇಲ್ಲ. ಕೇಳಿದರೆ "ಅದೇ ಅಂಗಡಿ, ಅದೇ ಪೊಟ್ಟಣ," ಎನ್ನುತ್ತಾಳೆ. ಹಾಗಾದರೆ ಅಂಗಡಿಯವನೇ ಕಳ್ಳ.

ಜನವರಿ 22, ಬುಧವಾರ

ಕೊಬ್ಬು ತೆಗೆದರು. ಹೊಕ್ಕುಳ ಪಕ್ಕ ಮರಗಟ್ಟಿಸಿ, ಕೊಳವೆ ತೂರಿಸಿ ಹೀರಿದರು. ಉಪ್ಪುನೀರು ಕೊಡುವವರಿಂದಲೂ ಕೊಬ್ಬು ತೆಗೆಯುತ್ತಾರಂತೆ, ಯಾರಿಗೂ ಗೊತ್ತಾಗಬಾರದು ಎಂದು. ಹಾಗಾದರೆ ಆ ಅರ್ಧ ಜನರ ಕೊಬ್ಬು ಎಲ್ಲಿಗೆ ಹೋಗುತ್ತದೆ? ಕೇಳಿದೆ. ನರ್ಸ್ ನಕ್ಕಳು. ನಗುವಂಥದ್ದೇನಿದೆ ಇದರಲ್ಲಿ?

ಪಕ್ಕದ ಹಾಸಿಗೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದರು. ನನ್ನದೇ ಕಾಯಿಲೆ, ನನ್ನದೇ ಹಂತ. ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬರೇ ಇರುವುದಂತೆ. ಹೊಟ್ಟೆಗೆ ಪಟ್ಟಿ ಹಾಕಿಸಿಕೊಂಡು ಮಲಗಿದಲ್ಲೇ ಕಾಲ್ಬೆರಳಿಗೆ ವ್ಯಾಯಾಮ ಕೊಡುತ್ತಿದ್ದರು. "ನಮ್ಮದೇ ಕೊಬ್ಬು ನಮಗೇ ಮದ್ದು! ಕೊಬ್ಬಿರೋರು ಬದುಕಿದ್ರು ಸಾರ್!" ಎಂದು ನಕ್ಕರು. ಅವರಿಗೆ ಯಾರ ಮೇಲೂ ಸಂಶಯವಿಲ್ಲ. ಇಂಥವರಿಗೇ ಜಗತ್ತು ಟೋಪಿ ಹಾಕುವುದು.

ಫೆಬ್ರವರಿ 17, ಸೋಮವಾರ

ಡ್ರಿಪ್ ಹಾಕಿದರು. ಬಾಟಲಿಗೂ ಕೊಳವೆಗೂ ಕಪ್ಪು ಚೀಲ ತೊಡಿಸಿದ್ದರು, ಒಳಗಿನ ಬಣ್ಣ ಕಾಣಬಾರದೆಂದು. ಕೈ ತಣ್ಣಗಾಯಿತು. ಅಷ್ಟೇ. ಮುಗಿಯುವ ಹೊತ್ತಿಗೆ ನರ್ಸ್ ಕಿಟಕಿ ತೆರೆದು ಅಲ್ಲೇ ನಿಂತಳು. ನನ್ನನ್ನು ನೋಡದೆ ಹೊರಗೇ ನೋಡುತ್ತಿದ್ದಳು. ತಪ್ಪು ಮಾಡಿದವರು ಮುಖ ಕೊಟ್ಟು ಮಾತಾಡುವುದಿಲ್ಲ.

ಫೆಬ್ರವರಿ 18, ಮಂಗಳವಾರ

ಬೆಳಗ್ಗೆ ಏಳುವಾಗ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಈ ಚಳಿಯಲ್ಲಿ! ನನ್ನ ಹೊದಿಕೆ, ದಿಂಬಿನ ಚೀಲ ಎಲ್ಲ ಹೊರಗೆ ತಂತಿಯ ಮೇಲೆ. ಹೆಂಡತಿ ರಾತ್ರಿ ಯಾವಾಗಲೋ ಎದ್ದು ಹೋಗಿ ಹೊರಕೋಣೆಯ ಸೋಫಾದ ಮೇಲೆ ಮಲಗಿದ್ದಾಳೆ. ಚಹಾ ಕೊಡುವಾಗ ತೋಳು ಉದ್ದಕ್ಕೆ ಚಾಚಿ ಕೊಟ್ಟಳು, ನಾಯಿಗೆ ಅನ್ನ ಇಟ್ಟ ಹಾಗೆ.

"ಏನಾಯ್ತೇ ನಿಂಗೆ?"

"ನೆಗಡಿ ಬರೋ ಹಾಗಿದೆ. ನಿಮಗೆ ಅಂಟಬಾರದು ಅಂತ ದೂರ ಮಲಗಿದೆ."

ಸೀನಲಿಲ್ಲ, ಕೆಮ್ಮಲಿಲ್ಲ. ಇಡೀ ದಿನ ಕರವಸ್ತ್ರ ಮಾತ್ರ ಮೂಗಿನ ಮೇಲೆ. ನೆಗಡಿಯಾದವರು ಕಿಟಕಿ ತೆರೆದಿಡುತ್ತಾರೆಯೇ? ನನ್ನ ಕಾಯಿಲೆ ಅಂಟುತ್ತದೆ ಎಂದು ಯಾರೋ ಅವಳ ತಲೆಗೆ ತುಂಬಿದ್ದಾರೆ. ಆವತ್ತು ಬಾಗಿಲು ಹಾಕಿಕೊಂಡು ಹೇಳಿದ್ದು ಇದೇ ಇರಬೇಕು. ಇಷ್ಟು ವರ್ಷ ಸಂಸಾರ ಮಾಡಿದವಳು ಅಸಹ್ಯ ಪಟ್ಟರೆ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಯಾವ ಡಾಕ್ಟರಿಗೆ ಗೊತ್ತು?

ಫೆಬ್ರವರಿ 20, ಗುರುವಾರ

ಕಿಟಕಿ ಇವತ್ತು ಅರ್ಧ ಮುಚ್ಚಿದ್ದಾಳೆ. ಯಾಕೆ ಅರ್ಧ?

ಒಲೆಯ ಮೇಲೆ ಹಾಲಿಟ್ಟು ನನಗೆ ನೋಡಿಕೊಳ್ಳಲು ಹೇಳಿ ಸ್ನಾನಕ್ಕೆ ಹೋಗಿದ್ದಳು. ನಾನು ಅಲ್ಲೇ ಪಕ್ಕದ ಮೇಜಿನಲ್ಲಿ ಪೇಪರು ಓದುತ್ತಿದ್ದೆ. ಓಡಿ ಬಂದು "ಇಡೀ ಮನೆ ಸೀದು ಹೋಗ್ತಿದೆ, ಪಕ್ಕದಲ್ಲೇ ಕೂತಿದೀರಲ್ಲ!" ಎಂದು ಕೂಗಿದಳು. ಪಾತ್ರೆಯ ತಳ ಕರಕಲಾಗಿತ್ತು. ಹಾಲಿನವನು ನೀರು ಬೆರೆಸುತ್ತಾನೆ. ಅಂಥ ಹಾಲು ಸೀದರೂ ವಾಸನೆ ಬರುವುದಿಲ್ಲ. ಇದನ್ನು ಹೇಳಿದೆ. ಅವಳು ನನ್ನನ್ನೇ ಬಹಳ ಹೊತ್ತು ನೋಡಿದಳು, ಆಮೇಲೆ ಪಾತ್ರೆ ಉಜ್ಜಲು ಹೋದಳು.

ಫೆಬ್ರವರಿ 27, ಗುರುವಾರ

ರಜೆ ಮುಗಿಸಿ ಕೆಲಸಕ್ಕೆ ಹೋದೆ. ನನ್ನ ಕುರ್ಚಿ ನನ್ನ ಜಾಗದಲ್ಲೇ ಇತ್ತು, ಸಮಾಧಾನ. ಆದರೆ ಮೀಟರ್ ಮೇಡಂ ವರಸೆ ಸರಿಯಿಲ್ಲ.

ಮೀಟರ್ ಮೇಡಂ ಎಂದು ಹೆಸರಿಟ್ಟವನು ನಾನೇ. ನಾನು ಎಣ್ಣೆಯನ್ನು ಪುಟ್ಟ ಬಟ್ಟಲಲ್ಲಿ ಬೆಚ್ಚಗೆ ಮಾಡಿ ಮುಚ್ಚಳ ತೆಗೆದು ಮೂಸಿ ಹೇಳಿದರೆ ಮುಗಿಯಿತು: ಕಳಿಸಿ, ಅಥವಾ ತಡೆಯಿರಿ. ಆಕೆ ಗಾಜಿನ ನಳಿಕೆಯಲ್ಲಿ ಹನಿ ಹನಿ ಬಿಟ್ಟು, ಬಣ್ಣ ತಿರುಗುವುದನ್ನು ಕಾದು, ಅಂಕಿ ನೋಡಿಯೇ ನಂಬುವುದು. ಇವತ್ತು ನಾನು 'ಕಳಿಸಿ' ಎಂದು ಪಕ್ಕಕ್ಕಿಟ್ಟ ಮಾದರಿಗಳನ್ನು ನಾನು ಕೈ ತೊಳೆಯಲು ಹೋದಾಗ ಮತ್ತೆ ತೆರೆದು ನೋಡುತ್ತಿದ್ದಳು. ಒಂದನ್ನು ತೆಗೆದು 'ತಡೆಯಿರಿ' ಕಡೆಗೆ ಇಟ್ಟಳು. ನನ್ನನ್ನು ಕಂಡು ಕೈ ಹಿಂದಕ್ಕೆಳೆದಳು.

"ಏನು ಮೇಡಂ, ನನ್ನ ಮೇಲೆ ಪರೀಕ್ಷೆನಾ?"

"ಛೆ, ಹಾಗೇನಿಲ್ಲ ಸಾರ್. ಸುಮ್ನೆ ಅಭ್ಯಾಸ."

ಕುರ್ಚಿಯ ಮೇಲೆ ಕಣ್ಣು. ನಾನು ಯಾವಾಗ ಮಲಗುತ್ತೇನೋ ಎಂದು ಕಾಯುತ್ತಿದ್ದಾಳೆ.

ಮಾರ್ಚ್ 4, ಮಂಗಳವಾರ

ರಕ್ತ ಕೊಡಲು ಆಸ್ಪತ್ರೆಗೆ ಹೋಗಿದ್ದೆ. ಡ್ರಿಲ್ ಮೇಷ್ಟ್ರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಬಂದರು! ಕಾಲಿನ ಊತ ಇಳಿದಿದೆಯಂತೆ, ಹಸಿವಾಗುತ್ತಿದೆಯಂತೆ, ಬೆಳಗ್ಗೆ ಮೈದಾನಕ್ಕೆ ಎರಡು ಸುತ್ತು ಹಾಕುತ್ತಾರಂತೆ. ಮಾತ್ರೆ ಒಂದೂ ತಪ್ಪಿಸುವುದಿಲ್ಲ, ನೀರು ಅಳೆದೇ ಕುಡಿಯುತ್ತಾರೆ. "ನನಗೆ ಕೋಶಾನೇ ಕೊಟ್ಟಿದಾರೆ ಸಾರ್, ನನ್ನ ಮೈ ನನಗೆ ಹೇಳ್ತಿದೆ!" ಎಂದರು.

ನನ್ನ ಮೈ ನನಗೆ ಏನೂ ಹೇಳುತ್ತಿಲ್ಲ. ತುರಿಕೆ ಹಾಗೇ ಇದೆ, ಬಾಯಲ್ಲಿ ತುಕ್ಕಿನ ರುಚಿ ಹಾಗೇ ಇದೆ. ನನಗೆ ಹೊಟ್ಟೆ ಉರಿಯಿತು ಎಂದು ಇಲ್ಲಿ ಬರೆದರೆ ತಪ್ಪಿಲ್ಲ, ಯಾರು ಓದುತ್ತಾರೆ?

ಮಾರ್ಚ್ 8, ಶನಿವಾರ

ಕೊನೆಗೂ ಸತ್ಯ ಹೇಳುವ ಒಬ್ಬ ಮನುಷ್ಯ ಸಿಕ್ಕಿದ.

ಕನ್ನಡಕದ ಅಂಗಡಿಯ ಮಾಳಿಗೆಯಲ್ಲಿ ಅವನ ಚಿಕಿತ್ಸಾಲಯ. 'ಕಾಂಡಕೋಶದಿಂದ ಕಿಡ್ನಿ ಪುನರ್ಜನ್ಮ, ಗ್ಯಾರಂಟಿ' ಎಂದು ಫಲಕ. ಫಲಕ ಓದಿ ನಾನೂ ಮೂಗು ಮುರಿದವನೇ, ಆದರೂ ಒಂದು ಕೈ ನೋಡಿಬಿಡೋಣ ಎಂದು ಹತ್ತಿದೆ. ಈ ಗ್ಯಾರಂಟಿ ಡಾಕ್ಟರ್ ನನಗೆ ಏನನ್ನೂ ನಂಬಲು ಹೇಳಲಿಲ್ಲ. "ನನ್ನನ್ನ ನಂಬಬೇಡಿ, ಪರೀಕ್ಷೆ ಮಾಡಿ," ಎಂದ. ಸೀಸೆ ತಂದು ಕೈಗೇ ಕೊಟ್ಟ. ಕಪ್ಪು ಚೀಲವಿಲ್ಲ, ಗುಟ್ಟಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಮುಚ್ಚಳ ತೆಗೆದು ಮೂಸಿದೆ. ಯಾವ ವಾಸನೆಯೂ ಇಲ್ಲ. ಶುದ್ಧ.

ನನ್ನ ಪ್ರಯೋಗದ ಕಥೆ ಹೇಳಿದೆ. ಕೇಳಿ ಅವನು ಗಲ್ಲ ಸವರಿಕೊಂಡ.

"ಅವರು ಕೋಶಗಳನ್ನ ಹೆಪ್ಪುಗಟ್ಟಿಸಿ ಇಡ್ತಾರೆ ಅಲ್ವಾ? ಕೆಡದೇ ಇರ್ಲಿ ಅಂತ ಒಂದು ದ್ರಾವಣ ಬೆರೆಸ್ತಾರೆ. ಅದು ಮೈಗೆ ಹೋದ್ರೆ ಎರಡು ಮೂರು ದಿನ ಉಸಿರು, ಬೆವರು ಎಲ್ಲ ಬೆಳ್ಳುಳ್ಳಿ ನಾತ. ಯಾವ ಡಾಕ್ಟರನ್ನ ಬೇಕಾದ್ರೂ ಕೇಳಿ. ನಿಮಗೆ ಬಂತಾ?"

ಇಲ್ಲ! ಎಳ್ಳಷ್ಟೂ ಇಲ್ಲ. ತೊಟ್ಟಿ ತುಂಬ ಎಣ್ಣೆಯಲ್ಲಿ ಒಂದು ಚಮಚ ಹಳೆಯದು ಬೆರೆತರೂ ಹಿಡಿಯುವ ಮೂಗು ನನ್ನದು. ನನ್ನ ಮೈಯಿಂದಲೇ ಬೆಳ್ಳುಳ್ಳಿ ವಾಸನೆ ಬಂದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ? ಉಪ್ಪುನೀರು. ನನಗೆ ಉಪ್ಪುನೀರು ಹಾಕಿ ಮಲಗಿಸಿದ್ದಾರೆ.

"ನಮ್ಮದು ತಾಜಾ. ಹೆಪ್ಪುಗಟ್ಟಿಸೋದೇ ಇಲ್ಲ. ಅದಕ್ಕೇ ವಾಸನೆ ಇಲ್ಲ," ಎಂದ ಗ್ಯಾರಂಟಿ. ತಾಜಾ ಎನ್ನುವ ಮಾತು ನನಗೆ ಅರ್ಥವಾಗುತ್ತದೆ. ಮುಂದಿನ ಮಂಗಳವಾರವಲ್ಲ, ಅದರ ಮುಂದಿನ ಮಂಗಳವಾರ ಬರಲು ಹೇಳಿದ್ದಾನೆ.

ಮಾರ್ಚ್ 10, ಸೋಮವಾರ

ಮೇಷ್ಟ್ರಿಗೆ ಫೋನು ಮಾಡಿದೆ. ಪಾಪದ ಮನುಷ್ಯ, ಮೋಸ ಹೋಗಬಾರದಲ್ಲ.

"ಬೆಳ್ಳುಳ್ಳಿನಾ? ಇಲ್ವಲ್ಲ ಸಾರ್. ಯಾಕೆ?"

ಯಾಕೆಂದು ಹೇಳಿದೆ. "ಹಾಗಾದ್ರೆ ನನಗೂ ನೀರೇ?" ಎಂದರು. "ನಿಮಗೂ ನೀರೇ," ಎಂದೆ. ಗ್ಯಾರಂಟಿಯ ವಿಳಾಸ ಕೊಟ್ಟೆ. ಬರೆದುಕೊಂಡರು. ಕಣ್ಣು ತೆರೆಸಿದ್ದಕ್ಕೆ ಒಂದು ಥ್ಯಾಂಕ್ಸ್ ಆದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ.

ಮಾರ್ಚ್ 16, ಭಾನುವಾರ

ಕಾಲು ಊದಿದೆ. ಮೀಟರ್ ಮೇಡಂ ಮತ್ತೆ ಮಾದರಿ ಬದಲಾಯಿಸಿದ್ದನ್ನು ಮೊನ್ನೆ ಕಣ್ಣಾರೆ ಕಂಡೆ. ಸುಮ್ಮನಿದ್ದೇನೆ. ಮಂಗಳವಾರ ಆಗಲಿ.

ಮಾರ್ಚ್ 18, ಮಂಗಳವಾರ

ಇದನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. "ಎಲ್ಲಿಗೆ?" ಎಂದಳು. ಹೇಳಿಬಿಟ್ಟೆ. ಗ್ಯಾರಂಟಿಯ ಬಗ್ಗೆ, ಬೆಳ್ಳುಳ್ಳಿಯ ಬಗ್ಗೆ, ಉಪ್ಪುನೀರಿನ ಬಗ್ಗೆ, ಎಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತಳು. ಕೆಲಸಕ್ಕೆ ಹೊರಟು ಚೀಲ ಹೆಗಲಿಗೆ ಹಾಕಿಕೊಂಡಿದ್ದವಳು ಅದನ್ನು ತೆಗೆದು ನೆಲಕ್ಕಿಟ್ಟಳು.

"ನಿಮಗೆ ಉಪ್ಪುನೀರು ಕೊಟ್ಟಿಲ್ಲ ರೀ."

"ನಿಂಗೆ ಹೇಗೆ ಗೊತ್ತು?"

"ಮೂರು ದಿನ ಮನೆಯೆಲ್ಲ ಬೆಳ್ಳುಳ್ಳಿ ನಾತ. ನೀವು ಉಸಿರು ಬಿಟ್ರೆ ನನಗೆ ಕಣ್ಣಲ್ಲಿ ನೀರು ಬರೋದು. ಹೊದಿಕೆ ಎರಡು ಸಲ ಒಗೆದೆ, ಹೋಗ್ಲಿಲ್ಲ. ವಾಸನೆ ಗೀಸನೆ ಬಂದ್ರೆ ಗಾಬರಿಯಾಗಬೇಡಿ, ನಿಮ್ಮ ಯಜಮಾನ್ರಿಗೆ ಮಾತ್ರ ಹೇಳಬೇಡಿ, ಹೇಳಿದ್ರೆ ಪ್ರಯೋಗ ಕೆಡತ್ತೆ ಅಂದಿದ್ರು ಆಸ್ಪತ್ರೆಯಲ್ಲಿ. ಒಪ್ಕೊಂಡಿದ್ದೆ. ಇವತ್ತು ಮಾತು ಮುರೀತಿದೀನಿ."

"ಸುಳ್ಳು. ನನ್ನ ಮೂಗಿಗೆ ಬರಲಿಲ್ವಲ್ಲ?"

ಅವಳು ನೆಲ ನೋಡಿದಳು. ಆಮೇಲೆ ಮೆತ್ತಗೆ ಹೇಳಿದಳು: "ನಿಮ್ಮ ಮೂಗಿಗೆ ಹಾಲು ಸೀದಿದ್ದೂ ಬರಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ತಡೆಯಲು ಕಟ್ಟಿದ ಕಥೆ ಇದು ಎಂದೆ. ಹಾಗಾದರೆ ಇಲ್ಲೇ ಪರೀಕ್ಷೆಯಾಗಲಿ ಎಂದೆ. ಅವಳು ಅಡುಗೆಮನೆಗೆ ಹೋಗಿ ಎರಡು ಪುಟ್ಟ ಸೀಸೆಗಳಲ್ಲಿ ಎಣ್ಣೆ ಹಾಕಿ ತಂದಳು. ಒಂದು ನಿನ್ನೆ ಒಡೆದ ಪೊಟ್ಟಣದ್ದು, ಇನ್ನೊಂದು ಬಾಗಿಲ ಕೀಲಿಗೆ ಬಿಡಲು ಎಂದು ಯಾವ ಕಾಲದಿಂದಲೋ ಮೂಲೆಯಲ್ಲಿಟ್ಟಿದ್ದು. ಯಾವುದು ಯಾವುದೆಂದು ಹೇಳಲಿಲ್ಲ. ಬೆಚ್ಚಗೆ ಮಾಡಿದೆ, ಕಣ್ಣು ಮುಚ್ಚಿದೆ, ಮೂಸಿದೆ. ಮತ್ತೆ ಮೂಸಿದೆ.

"ಎರಡೂ ತಾಜಾ. ಎರಡಕ್ಕೂ ಒಂದೇ ಎಣ್ಣೆ ಸುರಿದು ತಂದಿದೀಯ. ಯಾರಿಗೆ ಟೋಪಿ ಹಾಕ್ತೀಯ?"

ಅವಳಿಗೆ ಅಳು ಬಂತು. ಮದುವೆಯಾದ ಮೇಲೆ ಅವಳು ನನ್ನೆದುರು ಅತ್ತದ್ದು ಕಡಿಮೆ. "ಬಲಗಡೆಯದು ಹಳೇದು. ನಂಬಿದ್ರೆ ನಂಬಿ, ಬಿಟ್ರೆ ಬಿಡಿ," ಎಂದು ಒಳಗೆ ಹೋದಳು.

ಎರಡೂ ಸೀಸೆಗಳನ್ನು ಜೇಬಿಗೆ ಹಾಕಿಕೊಂಡು ಬಂದಿದ್ದೇನೆ. ಬಲಗಡೆಯದು ಬಲ ಜೇಬಿನಲ್ಲಿ. ಗ್ಯಾರಂಟಿಯ ಕಡೆಗೆ ಹೋಗುವ ಬಸ್ಸು ಆಗಲೇ ಒಂದು ಹೋಯಿತು. ಅವಳ ಮಾತು ಸುಳ್ಳೆಂದು ರುಜುವಾತಾಗದೆ ಅಲ್ಲಿಗೆ ಹೋಗಲು ಮನಸ್ಸು ಬರುತ್ತಿಲ್ಲ. ಕಾರ್ಖಾನೆಗೆ ಹೋಗಿ ಎಣ್ಣೆಯನ್ನು ನಳಿಕೆಯ ಪರೀಕ್ಷೆಗೇ ಹಾಕಿಸುತ್ತೇನೆ. ಮೀಟರ್ ಮೇಡಂಗೆ ನನ್ನ ಹೆಂಡತಿ ಗೊತ್ತಿಲ್ಲ, ಅವಳ ಪರ ಸುಳ್ಳು ಹೇಳುವ ಅಗತ್ಯವೂ ಇಲ್ಲ.

ಮಾರ್ಚ್ 19, ಬುಧವಾರ

ನಿನ್ನೆ ನಳಿಕೆಯವರೆಗೆ ಹೋಗಲೇ ಇಲ್ಲ.

ಮೀಟರ್ ಮೇಡಂ ಕಿಟಕಿಯ ಹತ್ತಿರ ತನ್ನ ಮೇಜಿನಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದಳು. ನಾನು ನನ್ನ ಮೇಜಿನ ಮೇಲೆ ಎಡ ಸೀಸೆಯ ಮುಚ್ಚಳ ತೆಗೆದೆ. ಆಕೆ ಅಲ್ಲಾಡಲಿಲ್ಲ. ಬಲ ಸೀಸೆಯ ಮುಚ್ಚಳ ತೆಗೆದೆ. ಅಷ್ಟು ದೂರದಿಂದ ತಟ್ಟನೆ ತಿರುಗಿದಳು.

"ಅಯ್ಯೋ, ಯಾವ ಕಾಲದ ಎಣ್ಣೆ ಸಾರ್ ಅದು? ಮುಚ್ಚಿ ಮುಚ್ಚಿ, ಹೊಟ್ಟೆ ತೊಳಸ್ತಿದೆ!"

ನಾನು ಸೀಸೆಯನ್ನು ಮೂಗಿನ ತುದಿಗೇ ಹಿಡಿದುಕೊಂಡಿದ್ದೆ. ಏನೂ ಇಲ್ಲ. ಗೋಡೆ ಮೂಸಿದ ಹಾಗೆ.

ಮುಚ್ಚಳ ಹಾಕಲು ಕೈ ಬರಲಿಲ್ಲ. ಆಕೆಯೇ ಎದ್ದು ಬಂದು ಹಾಕಿದಳು. ನನ್ನ ಮುಖ ನೋಡಿ ಅವಳಿಗೆ ಎಲ್ಲ ಅರ್ಥವಾಗಿರಬೇಕು. "ಎಷ್ಟು ದಿನದಿಂದ?" ಎಂದೆ. "ಹೋದ ವರ್ಷದಿಂದ ಸಾರ್. ಮೊದಮೊದಲು ಅಪರೂಪಕ್ಕೆ ತಪ್ತಿತ್ತು. ನಾನೇ ಇನ್ನೊಂದ್ಸಲ ನೋಡಿ ಸರಿ ಮಾಡ್ತಿದ್ದೆ. ಹೇಳೋಕೆ ಬಾಯಿ ಬರಲಿಲ್ಲ." ಕುರ್ಚಿಗೆ ಕಣ್ಣು ಹಾಕಿದವಳು ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಡೀ ವರ್ಷ ಹೇಳಿಲ್ಲ.

ಪರೀಕ್ಷಾ ಕೊಠಡಿಯ ನಲ್ಲಿ ತಿರುಗಿಸಿ ನೀರಿನ ಸದ್ದಿನಲ್ಲಿ ಅತ್ತೆ. ನನ್ನ ಬದುಕಿನಲ್ಲಿ ನಾನು ಸಂಶಯ ಪಡದೇ ಇದ್ದದ್ದು ಈ ಮೂಗೊಂದರ ಮೇಲೆ ಮಾತ್ರ.

ಮಾರ್ಚ್ 20, ಗುರುವಾರ

ಚಹಾಪುಡಿ ಅದೇ ಅಂಗಡಿಯದು.

ಮಾರ್ಚ್ 25, ಮಂಗಳವಾರ

ಹೆಂಡತಿಯ ಜೊತೆ ಡಾಕ್ಟರಮ್ಮನ ಹತ್ತಿರ ಹೋದೆ. ಎಲ್ಲ ಹೇಳಿದೆ. ಬೈಯುತ್ತಾರೆಂದು ಇವಳು ಹೆದರಿದ್ದಳು. ಅವರು ಬೈಯಲಿಲ್ಲ, ತಲೆ ಚಚ್ಚಿಕೊಂಡರು, ತಮ್ಮದೇ ತಲೆ.

"ಕಿಡ್ನಿ ಕಾಯಿಲೆಯಲ್ಲಿ ಮೂಗು, ನಾಲಿಗೆ ಮಂಕಾಗೋದು ಉಂಟು. ನಾನು ಕೇಳಬೇಕಿತ್ತು, ಕೇಳಲಿಲ್ಲ. ಆ ವಾಸನೆಯಿಂದ ಗುಟ್ಟು ರಟ್ಟಾಗತ್ತೆ ಅನ್ನೋದೂ ನಮ್ಮದೇ ತಪ್ಪು. ಮನೆಯವರ ಬಾಯಿ ಕಟ್ಟಿದ್ರೆ ಸಾಕು ಅಂದ್ಕೊಂಡ್ವಿ."

"ಮೂಗು ವಾಪಸ್ ಬರತ್ತಾ?"

"ಗೊತ್ತಿಲ್ಲ."

"ಕೋಶ ಕೆಲಸ ಮಾಡ್ತಿದೆಯಾ?"

"ಅದೂ ಗೊತ್ತಿಲ್ಲ. ನಿಮ್ಮ ರಕ್ತ ಹೋದ ತಿಂಗಳಿಗಿಂತ ಕೆಟ್ಟಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ."

ಗೊತ್ತಿಲ್ಲ ಎಂಬ ಮಾತನ್ನು ಇಷ್ಟು ನೇರವಾಗಿ ಹೇಳುವವರನ್ನು ನಾನು ಹೆಚ್ಚು ನೋಡಿಲ್ಲ. ನನ್ನ ಲೆಕ್ಕವನ್ನು ಬೇರೆ ಇಡುತ್ತಾರಂತೆ, ಆದರೆ ಎರಡನೆಯ ಡ್ರಿಪ್ ತಪ್ಪಿಸುವುದಿಲ್ಲವಂತೆ. ಗ್ಯಾರಂಟಿಯ ಹೆಸರು ಕೇಳಿದೊಡನೆ ಅವರ ಮುಖ ಬಿಗಿಯಿತು. ಅಲ್ಲಿ ಸೂಜಿ ಹಾಕಿಸಿಕೊಂಡ ಇಬ್ಬರು ರಕ್ತಕ್ಕೆ ಸೋಂಕು ತಗುಲಿ ಮೇಲಿನ ವಾರ್ಡಿನಲ್ಲಿದ್ದಾರಂತೆ. ಒಬ್ಬರಿಗೆ ಇನ್ನೂ ಪ್ರಜ್ಞೆ ಬಂದಿಲ್ಲ.

ಹೊರಡುವಾಗ ಇನ್ನೊಂದು ವಿಷಯ ಹೇಳಿದರು. ಮೇಲಿನವರ ಅನುಮತಿ ಸಿಕ್ಕರೆ ಮುಂದಿನ ಸಲದಿಂದ ಉಪ್ಪುನೀರಿನ ಬಾಟಲಿಗೂ ಅದೇ ದ್ರಾವಣ ಬೆರೆಸುತ್ತಾರಂತೆ. ಎಲ್ಲರ ಮೈಯಿಂದಲೂ ಬೆಳ್ಳುಳ್ಳಿ ವಾಸನೆ. ಯಾರಿಗೆ ಯಾವುದೆಂದು ಯಾವ ಮೂಗೂ ಹೇಳಲಾರದು. "ನಿಮ್ಮಿಂದ ಗೊತ್ತಾಗಿದ್ದರಿಂದ ನಿಮಗೆ ಹೇಳ್ತಿದೀನಿ. ಬೇರೆ ರೋಗಿಗಳಿಗೆ ದಯವಿಟ್ಟು ಹೇಳಬೇಡಿ," ಎಂದರು.

ದಾರಿಯಲ್ಲಿ ಹೆಂಡತಿ ಕೇಳಿದಳು: "ಸಿಟ್ಟು ಹೋಯ್ತಾ?" ಯಾವ ಸಿಟ್ಟು ಎಂದೆ. ಅವಳ ಚೀಲ ನಾನು ಹಿಡಿದುಕೊಂಡೆ.

ಏಪ್ರಿಲ್ 28, ಸೋಮವಾರ

ಎರಡನೆಯ ಡ್ರಿಪ್ ಆಯಿತು.

ಈ ಒಂದು ತಿಂಗಳು ಏನೂ ಬರೆದಿಲ್ಲ. ಬರೆಯುವಂಥದ್ದು ಏನಿತ್ತು? ಕೆಲಸಕ್ಕೆ ಹೋಗುತ್ತೇನೆ. ಈಗ ಮೂಸುವುದು ಮೀಟರ್ ಮೇಡಂ, ಹನಿ ಬಿಟ್ಟು ಅಂಕಿ ನೋಡುವುದು ನಾನು. ಆಕೆಯ ಮೂಗು ಪರವಾಗಿಲ್ಲ, ಇನ್ನೂ ಪಳಗಬೇಕು. ಮ್ಯಾನೇಜರಿಗೆ ನಾನೇ ಹೋಗಿ ಹೇಳಿದೆ.

ಡ್ರಿಪ್ ಮುಗಿದ ಮೇಲೆ ಒಂದು ಗಂಟೆ ಹೊರಗಿನ ಉದ್ದ ಕೋಣೆಯಲ್ಲಿ ಕೂರಿಸುತ್ತಾರೆ. ಡ್ರಿಲ್ ಮೇಷ್ಟ್ರೂ ಅಲ್ಲೇ ಇದ್ದರು. ಮೊದಲು ಗುರುತೇ ಸಿಗಲಿಲ್ಲ. ಭುಜ ಇಳಿಬಿದ್ದಿದೆ, ಗಡ್ಡ ಬೆಳೆದಿದೆ, ಕಾಲು ಚಪ್ಪಲಿಯೊಳಗೆ ಹಿಡಿಸುತ್ತಿಲ್ಲ. ಲಿಫ್ಟಿನಲ್ಲಿ ಬಂದರಂತೆ. ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದ್ದಾರೆ. ಮಾತ್ರೆಯನ್ನೂ ನೆನಪಾದಾಗ ಮಾತ್ರ.

"ಆವತ್ತು ನೀವು ಫೋನ್ ಮಾಡಿದ ಮೇಲೆ ಎಲ್ಲ ಬೇಜಾರಾಗಿ ಹೋಯ್ತು ಸಾರ್. ಇವತ್ತೂ ನರ್ಸಮ್ಮ ಹತ್ತು ಸಲ ಫೋನ್ ಮಾಡಿದ್ಲು ಅಂತ ಬಂದೆ, ಅಷ್ಟೇ. ಶನಿವಾರ ಆ ಮಾಳಿಗೆ ಡಾಕ್ಟರ ಹತ್ತಿರ ಹೋಗ್ತೀನಿ. ನೀವೇ ವಿಳಾಸ ಕೊಟ್ರಲ್ಲ."

ಡಾಕ್ಟರಮ್ಮ ಸೋಂಕಿನ ವಿಷಯ ಹೇಳಿದ ಮೇಲೆ ನಾನೂ ಫೋನು ಮಾಡಿದ್ದೆ, ಇವರು ಎತ್ತಿರಲಿಲ್ಲ. "ಹೋಗಬೇಡಿ ಮೇಷ್ಟ್ರೇ, ಅಲ್ಲಿ ಸೋಂಕು ಹತ್ತಿ ಜನ ಸಾಯೋ ಸ್ಥಿತಿಲಿದಾರೆ," ಎಂದೆ.

"ಸಾಯೋದು ಎಲ್ಲಾದರೇನು? ಇಲ್ಲಿ ನೀರು ಹಾಕಿಸ್ಕೊಂಡು ಸಾಯೋ ಬದಲು..." ಎಂದು ಕೈಯಾಡಿಸಿದರು.

ನರ್ಸ್ ಬಂದು ಸಾಲಾಗಿ ಕಿಟಕಿ ತೆರೆದಳು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಡತಿ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡಳು. ಮೇಷ್ಟ್ರು ಅದನ್ನು ನೋಡಿದರು. ಕೂತಲ್ಲೇ ಸ್ವಲ್ಪ ನೆಟ್ಟಗಾದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಬಂದು, ತೋಳು ಮುಂದೆ ಚಾಚಿದರು.

"ಸಾರ್, ನನಗೆ ನೆಗಡಿ, ಒಂದೂ ಗೊತ್ತಾಗ್ತಿಲ್ಲ. ನಿಮ್ಮದು ಎಣ್ಣೆ ಫ್ಯಾಕ್ಟರಿ ಮೂಗು. ಸ್ವಲ್ಪ ನೋಡಿ ಹೇಳಿ. ಸುಳ್ಳು ಹೇಳಬೇಡಿ ಮತ್ತೆ."

ಅವರ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮೂಗಿನ ಹತ್ತಿರ ತಂದೆ. ಕಣ್ಣು ಮುಚ್ಚಿ, ಎಣ್ಣೆ ಮೂಸುವಾಗಿನಷ್ಟೇ ನಿಧಾನವಾಗಿ ಉಸಿರೆಳೆದೆ. ಏನೂ ಬರಲಿಲ್ಲ. ಕಣ್ಣು ತೆರೆದಾಗ ಹೆಂಡತಿ ಕರವಸ್ತ್ರದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು.

"ಬೆಳ್ಳುಳ್ಳಿ, ಮೇಷ್ಟ್ರೇ," ಎಂದೆ. "ಸಂಶಯವೇ ಇಲ್ಲ."

ಅವರು ಜೇಬಿನಿಂದ ವಿಳಾಸದ ಚೀಟಿ ತೆಗೆದು ಹರಿದು, ಈ ತಿಂಗಳ ಮಾತ್ರೆ ಇಸಿದುಕೊಳ್ಳಲು ಔಷಧಿ ಕೊಡುವ ಕಿಟಕಿಗೆ ಹೋಗಿ ಸಾಲಿನಲ್ಲಿ ನಿಂತರು.